ಮೀನಿನ ತಕ್ಕಡಿಯ ಮೇಲೆ ಬ್ಯಾಟರಿ

"ಡಿಸ್ಚಾರ್ಜ್ ನೂರಾದರೂ ಇರಬೇಕು ಅಕ್ಕೋರೇ"
ಎಂದು ಉಲ್ಹಾಸ ಫೋನಿನಲ್ಲಿ ಕೂಗಿದ್ದು ಕೇಳಿ
ಅವನ ಅಕ್ಕ ಸೌಟು ಹಿಡಿದೇ ಹೊರಗೆ ಓಡಿಬಂದಳಂತೆ:
ಯಾರು ಅಡ್ಮಿಟ್ ಆಗಿದ್ದರು? ಯಾವ ಆಸ್ಪತ್ರೆ? ನನಗ್ಯಾಕೆ ಹೇಳಲಿಲ್ಲ?

ನಾನು ಅಕ್ಕೋರಲ್ಲ. ಕಾಲೇಜಿನ ಫಿಸಿಕ್ಸ್ ಲ್ಯಾಬಿನಲ್ಲಿ
ತಂತಿ ಸುತ್ತಿಡುವವಳು, ಮೀಟರುಗಳ ಧೂಳು ಒರೆಸುವವಳು.
ಅವನು ಬೈತಖೋಲ ಬಂದರಿಗೆ ಐಸ್ ಹೊಡೆಯುವ ಲಾರಿಯ ಡ್ರೈವರ್.
ಐವತ್ತೊಂದರ ಗಂಡಸು, ಭಾನುವಾರ ಇಳಿತ ನೋಡಿಕೊಂಡು
ಕೋಡಿಬಾಗದ ಗಟ್ಟಿ ಮರಳ ಮೇಲೆ
ಮೊಣಕೈಯುದ್ದದ ಇನ್ನೊಂದು ಲಾರಿ ಓಡಿಸುತ್ತಾನೆ, ರಿಮೋಟಿನಲ್ಲಿ.
ಅದರಲ್ಲಿ ಕರಗುವಂಥದ್ದು ಏನೂ ಇಲ್ಲ.

ಎರಡು ತಂದಿದ್ದ. ಒಂದೇ ಅಳತೆ, ಮೂರು ಸೆಲ್ಲು,
ಎರಡರಲ್ಲೂ ಐದು ಆಂಪಿಯರ್ ಅವರ್.
ಒಂದರ ಮೈಮೇಲೆ ಬೆಂಕಿ, ಹುಲಿ, ದಪ್ಪಕ್ಷರದಲ್ಲಿ ನೂರು ಸಿ.
ಇನ್ನೊಂದು ಬೂದು ಬಣ್ಣದ ಬಡಪಾಯಿ: ಮೂವತ್ತೈದು.

ಸಿ ಅಂದರೆ ಸಿಟ್ಟಲ್ಲ ಮಾರಾಯ, ಮಗ್ಗಿ.
ಐದು ನೂರ್ಲೆ ಐನೂರು. ಐನೂರು ಆಂಪಿಯರಿನಲ್ಲಿ
ಬೋಟಿನ ತಳಕ್ಕೆ ಕಬ್ಬಿಣದ ಪ್ಲೇಟು ವೆಲ್ಡ್ ಮಾಡಬಹುದು.
ಈ ಕೆಂಪು ವೈರು, ನನ್ನ ಕಿರುಬೆರಳಿಗಿಂತ ಸಣ್ಣದು,
ಅಷ್ಟು ಹೊತ್ತರೆ ಊದುಬತ್ತಿಯಾಗುತ್ತದೆ.
ಐದು ಮೂವತ್ತೈದ್ಲೆ ನೂರ ಎಪ್ಪತ್ತೈದು.
ಒದ್ದೆ ಮರಳಲ್ಲಿ ಚಕ್ರ ಹೂತು, ಮೋಟರು ಹಠ ಹಿಡಿದು,
ನೀನು ಟ್ರಿಗರ್ ಪೂರ್ತಿ ಹಿಂಡಿದಾಗಲೂ
ಎಳೆಯುವುದು ತೊಂಬತ್ತು. ಉಳಿದದ್ದು ಯಾರ ಮದುವೆಗೆ?

ಬರೆದಿದ್ದಾರಲ್ಲ, ಅಂದ.
ಬರೆದಿದ್ದಾರೆ. ಇಬ್ಬರೂ ಮೀನು ಮಾರ್ಕೆಟಿಗೆ ಹೋದೆವು.
ಮಾಣಕಾಬಾಯಿ ಇಸವಾಣದ ತುಂಡು ಪಕ್ಕಕ್ಕಿಟ್ಟು
ತಕ್ಕಡಿ ಒರೆಸಿ ಪ್ಲಾಸ್ಟಿಕ್ಕು ಹಾಸಿದಳು.
ಹುಲಿ ಇನ್ನೂರ ಎಂಬತ್ತು ಗ್ರಾಂ.
ಬೂದು ಮುನ್ನೂರ ಎಪ್ಪತ್ತು.
ಜೋರಾಗಿ ಹರಿಯಬೇಕಾದರೆ ಒಳಗೆ ತಾಮ್ರದ ಹಾಳೆ ಬೇಕು,
ಹಾಳೆಗೆ ತೂಕ ಬರುತ್ತದೆ, ಹುಲಿಯ ಚಿತ್ರಕ್ಕೆ ಬರುವುದಿಲ್ಲ.
ಮಾಣಕಾಬಾಯಿಗೆ ಸಿ ಗೊತ್ತಿಲ್ಲ. ಹೇಳಿದ್ದು ಇಷ್ಟೇ:
"ಬುಟ್ಟಿ ನೋಡಿ ಬಂಗಡೆ ತಗೊಳ್ತಾರೇನೋ? ಕಿವಿರು ಎತ್ತಿ ನೋಡು."

ಕಿವಿರು ಎತ್ತಿದೆ, ಲ್ಯಾಬಿನಲ್ಲಿ, ಸಾಹೇಬರು ಹೋದ ಮೇಲೆ.
ಒಳತಡೆ, ಮಿಲಿಓಮಿನಲ್ಲಿ. ಬೂದಿಗೆ ಮೂರು, ಮೂರು, ಮೂರು ಚಿಲ್ಲರೆ.
ಹುಲಿಗೆ ಹನ್ನೊಂದು, ಒಂಬತ್ತು, ಹದಿನಾಲ್ಕು:
ಒಂದೇ ದೋಣಿಗೆ ಮೂರು ದಿಕ್ಕಿನ ಹುಟ್ಟು.
ತೊಂಬತ್ತು ಕೇಳಿದರೆ ಮೂರು ವೋಲ್ಟು
ತಾನೇ ನುಂಗಿಕೊಂಡು ಉಳಿದದ್ದನ್ನು ಕೊಡುವ ಜಾತಿ.

ಆದರೂ ಮೊದಲು ಹುಲಿಯನ್ನೇ ಹಾಕಿದ. ಗಂಡಸು.
ಅರ್ಧ ದಂಡೆ ಹಾರಿತು, ಚೆಂದವೇ ಹಾರಿತು,
ಆಮೇಲೆ ನೀರಿನ ಅಂಚಿನಲ್ಲಿ ಮಲಗಿಬಿಟ್ಟಿತು.
ಅಷ್ಟರಲ್ಲಿ ಭರತ ತಿರುಗಿತ್ತು. ಪ್ಯಾಂಟು ಮಡಚಲೂ ಪುರುಸೊತ್ತಿಲ್ಲದೆ ಓಡಿದ.
ಎತ್ತಿ ತಂದಾಗ ಬ್ಯಾಟರಿಯ ಹೊಟ್ಟೆ
ಬಲೆಯಲ್ಲಿ ಸಿಕ್ಕ ಊದುಮೀನಿನ ಹಾಗೆ.
ಬಕೆಟ್ಟಿನ ಒಣಮರಳಲ್ಲಿ ಹೂತು, ದೂರ ನಿಂತೆವು.
ಕಾಳಿ ನದಿಯ ಸೇತುವೆಯ ಮೇಲೆ ಬಸ್ಸುಗಳು ಹೋಗುತ್ತಿದ್ದವು.
ಅವನು ಮಾತಾಡಲಿಲ್ಲ, ನಾನೂ ಹೇಳಿದ್ದೆನಲ್ಲ ಅನ್ನಲಿಲ್ಲ.

ಬೂದು ಹನ್ನೊಂದು ನಿಮಿಷ ಓಡಿತು.
ಬಿಚ್ಚಿ ಅಂಗೈಯಲ್ಲಿಟ್ಟ. ನೋಡಿ, ಅಂದ, ನೋಡಿ.
ಜ್ವರ ಬಿಟ್ಟ ಮಗುವಿನ ಹಣೆಯಷ್ಟು ಬೆಚ್ಚಗೆ.

ಈಗ ಜೂನ್. ಬೋಟುಗಳೆಲ್ಲ ದಡ ಹತ್ತಿವೆ,
ಮೀನಿಗೆ ಅರವತ್ತೊಂದು ದಿನದ ರಜೆ, ಐಸಿಗೂ.
ತುಂಬಿಸಿಡಲಾ ಅಂತ ಕೇಳಿದ್ದ. ಬೇಡ.
ತುಂಬಿಸಿಟ್ಟರೆ ಒಳಗೊಳಗೇ ಕೆಡುತ್ತದೆ,
ಬರಿದು ಮಾಡಿಟ್ಟರೆ ಮತ್ತೆ ಏಳುವುದಿಲ್ಲ.
ಸೆಲ್ಲಿಗೆ ಮೂರು ಪಾಯಿಂಟ್ ಎಂಟು. ಅಲ್ಲಿ ನಿಲ್ಲಿಸು.

ಭಾನುವಾರಕ್ಕೊಮ್ಮೆ ಮೀಟರು ಹಿಡಿದು ಮೆಸೇಜು ಕಳಿಸುತ್ತಾನೆ:
3.80. ಮುಂದಿನ ವಾರ 3.80. ನಿನ್ನೆ 3.79.
ಬೇರೇನೂ ಬರೆಯುವುದಿಲ್ಲ.
ಓದುತ್ತೇನೆ. ಯಾವುದರಿಂದಲೂ ಗುಣಿಸುವುದಿಲ್ಲ.